ಮೊದಲು ಸೀಟು, ಆಮೇಲೆ ಪೆಡಲ್, ಕೊನೆಗೆ ಹ್ಯಾಂಡಲ್

ಪ್ರಶ್ನೆ: ಬೆಂಗಳೂರಿನ ನೆಂಟರು ತಾವು ಓಡಿಸುತ್ತಿದ್ದ ರಿಕಂಬೆಂಟ್ ಸೈಕಲನ್ನು ನನಗೆ ಕೊಟ್ಟಿದ್ದಾರೆ. ಒರಗಿ ಕೂತು ತುಳಿಯುವ ಎರಡು ಚಕ್ರದ ಸೈಕಲ್. ಪೆಡಲ್ ಮುಂದಿನ ಚಕ್ರಕ್ಕಿಂತಲೂ ಮುಂದಿದೆ, ಹ್ಯಾಂಡಲ್ ಎದೆಯ ಎದುರಿಗೆ ಬರುತ್ತದೆ. ಮುಂದೆ 20 ಇಂಚಿನ ಚಕ್ರ, ಹಿಂದೆ 26 ಇಂಚಿನದು. ಅವರು ಆರಡಿ ಎತ್ತರ, ನಾನು 5 ಅಡಿ 4 ಇಂಚು. ಮಂಡಗದ್ದೆ ಕಡೆಯಿಂದ ಶಿವಮೊಗ್ಗಕ್ಕೆ ವಾರಕ್ಕೆ ಎರಡು ಸಲವಾದರೂ ಇದರಲ್ಲೇ ಹೋಗಿಬರಬೇಕೆಂಬ ಆಸೆ. ಆದರೆ ಸಣ್ಣ ತಿರುವಿನಲ್ಲಿ ಹ್ಯಾಂಡಲ್ ಮೊಣಕಾಲಿಗೆ ತಾಗುತ್ತದೆ. ಹತ್ತು ಹದಿನೈದು ಕಿಲೋಮೀಟರಿಗೆಲ್ಲ ಭುಜ, ಕತ್ತು ಹಿಡಿದುಕೊಳ್ಳುತ್ತದೆ. ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಹೊಯ್ದಾಡುತ್ತದೆ. ಹ್ಯಾಂಡಲನ್ನು ಒಂದೆರಡು ಇಂಚು ಮೇಲೆತ್ತಿಸಿದರೆ ಸರಿಹೋದೀತೇ? ಇಲ್ಲಿನ ಅಂಗಡಿಗಳಲ್ಲಿ ಇಂಥ ಸೈಕಲ್ ನೋಡೇ ಇಲ್ಲ ಎನ್ನುತ್ತಾರೆ.

ಉತ್ತರ: ಹ್ಯಾಂಡಲಿಗೆ ಈಗಲೇ ಕೈಹಾಕಬೇಡಿ. ನೀವು ಹೇಳಿದ ಮೂರು ತೊಂದರೆಗಳೂ ಕಾಣಿಸಿಕೊಳ್ಳುವುದು ಹ್ಯಾಂಡಲಿನಲ್ಲಿ, ಹುಟ್ಟುವುದು ಬಹುಪಾಲು ಬೇರೆ ಕಡೆ. ಆರಡಿ ಆಳಿಗೆ ಹೊಂದಿಸಿದ ಪೆಡಲ್ ನಿಮಗೆ ದೂರವಾಗಿದೆ. ಅದನ್ನು ಮುಟ್ಟಲು ಪ್ರತಿ ತುಳಿತಕ್ಕೂ ನಿಮ್ಮ ಸೊಂಟ ಸೀಟಿನಲ್ಲಿ ಮುಂದಕ್ಕೆ ಜಾರುತ್ತದೆ. ಜಾರಿದ ಮೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ನಿಮಗೆ ಗೊತ್ತಿಲ್ಲದೆಯೇ ಹ್ಯಾಂಡಲನ್ನು ಜಗ್ಗುತ್ತೀರಿ. ಭುಜ ಹಿಡಿಯುವುದು ಅದಕ್ಕೇ. ಏರಿನಲ್ಲಿ ಎಡಗಾಲು, ಬಲಗಾಲು ಬಲವಾಗಿ ಒತ್ತಿದಾಗೆಲ್ಲ ಕೈಗಳೂ ಎಡ, ಬಲ ಜಗ್ಗುವುದರಿಂದ ಚಕ್ರ ಹೊಯ್ದಾಡುತ್ತದೆ. ಮಾಮೂಲಿ ಸೈಕಲ್ಲಿನಲ್ಲಿ ಮೈಯ ಭಾರದ ಒಂದು ಪಾಲು ಕೈಯ ಮೇಲೆ ಬೀಳುವುದು ಸಹಜ. ರಿಕಂಬೆಂಟಿನಲ್ಲಿ ಆ ಭಾರವನ್ನೆಲ್ಲ ಬೆನ್ನು ಮತ್ತು ಸೊಂಟ ಹೊರಬೇಕು. ಕೈಗಳ ಕೆಲಸ ದಿಕ್ಕು ತೋರಿಸುವುದು, ಬ್ರೇಕು ಹಿಡಿಯುವುದು, ಗೇರ್ ಬದಲಿಸುವುದು, ಅಷ್ಟೇ. ಆದ್ದರಿಂದ ಮೊದಲು ಸೀಟು, ಆಮೇಲೆ ಪೆಡಲಿನ ದೂರ, ಎಲ್ಲ ಮುಗಿದ ಮೇಲೆ ಹ್ಯಾಂಡಲ್. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಅಂಗಡಿಯವರು ನೋಡಿಲ್ಲ ಎನ್ನುವುದಕ್ಕೂ ಕಾರಣವಿದೆ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್, ಷಾರ್ಲ್ ಮೋಶೆ ಕಟ್ಟಿದ ಒರಗುವ ಸೈಕಲ್ಲಿನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಓಡಿಸಿ ಹಳೆಯ ದಾಖಲೆ ಮುರಿದರು. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧೆಯ ಸೈಕಲ್ ಹೇಗಿರಬೇಕೆಂಬ ನಿಯಮ ಮಾಡಿ ಈ ಬಗೆಯನ್ನು ಹೊರಗಿಟ್ಟಿತು. ಸ್ಪರ್ಧೆಯಲ್ಲಿ ಇಲ್ಲದ್ದನ್ನು ದೊಡ್ಡ ಕಾರ್ಖಾನೆಗಳು ಹೆಚ್ಚು ಮಾಡಲಿಲ್ಲ, ಅಂಗಡಿಗೂ ಬರಲಿಲ್ಲ. ಆದರೆ ಇದರ ಚೈನ್, ಬೇರಿಂಗ್, ಬೋಲ್ಟ್, ಬ್ರೇಕ್ ಬಹುಪಾಲು ಗೇರ್ ಸೈಕಲ್ಲಿನವೇ. ಏನು ಮಾಡಬೇಕೆಂದು ನಿಮಗೆ ಗೊತ್ತಿದ್ದರೆ ಗೇರ್ ಸೈಕಲ್ ರಿಪೇರಿ ಮಾಡುವ ಯಾವ ಅಂಗಡಿಯವರೂ ಮಾಡಿಕೊಡಬಲ್ಲರು.

ಬೇಕಾದ ಸಾಮಾನು ಹೆಚ್ಚೇನಿಲ್ಲ. 4, 5, 6 ಎಂ.ಎಂ. ಅಲೆನ್ ಕೀ, ಅಳತೆ ಟೇಪು, ಅಂಟಿಸುವ ಇನ್ಸುಲೇಷನ್ ಟೇಪ್, ಗ್ರೀಸ್, ಚೈನ್ ಕಟ್ಟರ್, ಜೊತೆಗೆ ಸೀಟು ಹಿಡಿದು ನಿಲ್ಲಲು ಮನೆಯವರು ಯಾರಾದರೂ ಒಬ್ಬರು.

ಸೀಟಿನಿಂದ ಶುರುಮಾಡಿ. ಒರಗುವ ಕೋನವನ್ನು ಮೊಬೈಲಿನ ಕೋನ ಅಳೆಯುವ ಆಪ್‌ನಲ್ಲೇ ನೋಡಬಹುದು. ಮೊಬೈಲನ್ನು ಸೀಟಿನ ಬೆನ್ನಿನ ನೇರ ಭಾಗಕ್ಕೆ ಒತ್ತಿ ಹಿಡಿದರೆ ಸಾಕು. ನೆಲದಿಂದ 40ರಿಂದ 45 ಡಿಗ್ರಿ ಇದ್ದರೆ ಹೊಸಬರಿಗೆ, ಅದರಲ್ಲೂ ತಿರುವು ಹೆಚ್ಚಿರುವ ನಿಮ್ಮ ತೀರ್ಥಹಳ್ಳಿ-ಶಿವಮೊಗ್ಗ ರಸ್ತೆಗೆ ಸರಿ. ನಿಮ್ಮ ನೆಂಟರು ಬಯಲಿನಲ್ಲಿ ವೇಗಕ್ಕಾಗಿ 30 ಡಿಗ್ರಿಗೆ ಮಲಗಿಸಿಟ್ಟಿದ್ದರೆ ನಿಮ್ಮ ಕತ್ತು ನೋವಿನ ಅರ್ಧ ಪಾಲು ಅಲ್ಲೇ ಇದೆ. ಅಷ್ಟು ಮಲಗಿದಾಗ ರಸ್ತೆ ನೋಡಲು ಕತ್ತನ್ನು ಎತ್ತಿ ಹಿಡಿದೇ ಇರಬೇಕು. ತಲೆಗೆ ಆನಿಕೆ ಇಲ್ಲದೆ ಬಹಳ ಹೊತ್ತು ಹಾಗೆ ಹೋಗಲಾಗದು.

ಸೀಟು ಫೈಬರಿನ ಗಟ್ಟಿ ಚಿಪ್ಪಿನಂಥದ್ದಾದರೆ ಇನ್ನೊಂದು ಪರೀಕ್ಷೆ ಮಾಡಿ. ಸೊಂಟವನ್ನು ಸೀಟಿನ ಮೂಲೆಗೆ ಪೂರ್ತಿ ಒತ್ತಿ ಕೂತು, ಚಿಪ್ಪಿನ ಉಬ್ಬು ನಿಮ್ಮ ನಡುವಿನ ಬಾಗಿಗೆ ಬರುತ್ತದೋ ಅಥವಾ ಅದಕ್ಕಿಂತ ಮೇಲೆ ಪಕ್ಕೆಲುಬಿನ ಹತ್ತಿರ ಒತ್ತುತ್ತದೋ ನೋಡಿ. ಈ ಚಿಪ್ಪುಗಳು ಅಂಗಿಯ ಹಾಗೆ ಸಣ್ಣದು, ಮಧ್ಯಮ, ದೊಡ್ಡದು ಎಂದು ಅಳತೆಯಲ್ಲಿ ಬರುತ್ತವೆ. ಆರಡಿ ಆಳಿನ ಚಿಪ್ಪು ನಿಮಗೆ ದೊಡ್ಡದಾಗಿರುವ ಸಾಧ್ಯತೆಯೇ ಹೆಚ್ಚು. ಉಬ್ಬು ಸ್ವಲ್ಪ ಮಾತ್ರ ಮೇಲಿದ್ದರೆ ಕುಳಿತುಕೊಳ್ಳುವ ಜಾಗದಲ್ಲಿ ಒಂದೆರಡು ಸೆಂಟಿಮೀಟರ್ ದಪ್ಪದ ಗಟ್ಟಿ ಫೋಮ್ ಹಾಕಿ ಮೈಯನ್ನೇ ಮೇಲೆತ್ತಬಹುದು. ಚಿಪ್ಪಿನ ಮೇಲಂಚು ತಲೆಯ ಹಿಂಬದಿಗೆ ತಾಗಿ ತಲೆಯನ್ನು ಮುಂದಕ್ಕೆ ದಬ್ಬುತ್ತಿದ್ದರೆ ಬೇರೆ ಚಿಪ್ಪೇ ಬೇಕು. ಬಲೆಯ ಸೀಟಾದರೆ ಕೆಲಸ ಸುಲಭ. ಹಿಂದಿನ ಪಟ್ಟಿಗಳನ್ನು ನಡುವಿನ ಹತ್ತಿರ ಬಿಗಿಯಾಗಿ, ಭುಜದ ಹತ್ತಿರ ಕೊಂಚ ಸಡಿಲವಾಗಿ ಕಟ್ಟಿ. ಹಳೆಯ ಬಲೆ ಜೋತುಬಿದ್ದಿದ್ದರೆ ಸೊಂಟ ಅದರಲ್ಲಿ ಹೂತುಹೋಗಿ ಪೆಡಲಿನ ದೂರದ ಲೆಕ್ಕವೇ ತಪ್ಪುತ್ತದೆ.

ಸೀಟಿನ ಕೋನ ಬದಲಾದರೆ ಕಾಲಿನ ದೂರವೂ ಕೈಯ ದೂರವೂ ಬದಲಾಗುತ್ತವೆ. ಅದಕ್ಕೇ ಸೀಟಿನ ಬೋಲ್ಟ್ ಪೂರ್ತಿ ಬಿಗಿದ ಮೇಲೆಯೇ ಮುಂದಕ್ಕೆ ಹೋಗಿ.

ಈಗ ಪೆಡಲ್. ಚೌಕಟ್ಟಿನ ಮುಂದಿನ ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುತ್ತದೆ, ಅದರ ತುದಿಯಲ್ಲಿ ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ಮತ್ತು ಪೆಡಲ್ ಇವೆ. ಈ ಜಾರುವ ಕೊಳವೆಯನ್ನು ಬೂಮ್ ಎನ್ನುತ್ತಾರೆ. ಎಷ್ಟು ಒಳಕ್ಕೆ ತಳ್ಳಬೇಕೆಂದು ಅಂದಾಜಿಸಲು ನೀವು ಮತ್ತು ನಿಮ್ಮ ನೆಂಟರು ಇಬ್ಬರೂ ಒಂದು ಅಳತೆ ತೆಗೆದುಕೊಳ್ಳಿ. ಶೂ ಹಾಕಿ, ಗೋಡೆಗೆ ಬೆನ್ನು ಮತ್ತು ಸೊಂಟ ಒತ್ತಿ, ನೆಲದ ಮೇಲೆ ಕಾಲು ನೀಡಿ ಕೂತು, ಗೋಡೆಯಿಂದ ಹಿಮ್ಮಡಿಯ ಅಟ್ಟೆಯವರೆಗೆ ಟೇಪು ಹಿಡಿಯಬೇಕು. ನಿಮ್ಮಿಬ್ಬರ ಅಳತೆಗಿರುವ ವ್ಯತ್ಯಾಸದಷ್ಟೇ ಬೂಮ್ ಒಳಗೆ ಹೋಗಬೇಕು. ಎತ್ತರದಲ್ಲಿ 8 ಇಂಚು ವ್ಯತ್ಯಾಸ ಇರುವಾಗ ಇದು 10 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಮೈಕಟ್ಟು ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ಎತ್ತರ ನೋಡಿ ಊಹಿಸದೆ ಅಳೆದೇ ನೋಡಿ.

ಬೋಲ್ಟ್ ಸಡಿಲಿಸುವ ಮೊದಲು ಎರಡು ಗುರುತು ಮಾಡಿ. ಬೂಮ್ ಚೌಕಟ್ಟಿನೊಳಗೆ ಹೋಗುವ ಅಂಚಿನಲ್ಲಿ ಸುತ್ತಲೂ ಟೇಪ್ ಅಂಟಿಸಿದರೆ ಹಳೆಯ ದೂರ ತಿಳಿಯುತ್ತದೆ. ಬೂಮಿನ ಮೇಲೂ ಚೌಕಟ್ಟಿನ ಮೇಲೂ ಸೇರುವಂತೆ ಮಾರ್ಕರಿನಲ್ಲಿ ಒಂದು ಉದ್ದ ಗೆರೆ ಎಳೆದರೆ ಬೂಮ್ ತಿರುಚಿಕೊಂಡರೆ ಗೊತ್ತಾಗುತ್ತದೆ. ಆಮೇಲೆ ಬೂಮನ್ನು ಬಿಗಿಹಿಡಿಯುವ ಕ್ಲ್ಯಾಂಪಿನ ಬೋಲ್ಟ್‌ಗಳನ್ನು ಸಡಿಲಿಸಿ, ಎರಡೂ ಕ್ರ್ಯಾಂಕ್ ಹಿಡಿದು ಬೂಮನ್ನು ಎಡ ಬಲ ತಿರುಗಿಸುತ್ತಾ ಒಳಕ್ಕೆ ಒತ್ತಿ. ಹತ್ತಾರು ಮಳೆಗಾಲ ಕಂಡ ಸೈಕಲ್ಲಿನಲ್ಲಿ ಅದು ಜಪ್ಪಯ್ಯ ಅಂದರೂ ಅಲ್ಲಾಡದಿರಬಹುದು. ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ, ಬೆಳಿಗ್ಗೆ ಮತ್ತೆ ತಿರುಗಿಸಿ. ಸುತ್ತಿಗೆಯಿಂದ ಬಡಿಯುವುದು, ಕ್ಲ್ಯಾಂಪಿನ ಸೀಳಿಗೆ ಸ್ಕ್ರೂಡ್ರೈವರ್ ತುರುಕಿ ಅಗಲಿಸುವುದು ಎರಡೂ ಬೇಡ. ಅಲ್ಯುಮಿನಿಯಂ ಕ್ಲ್ಯಾಂಪ್ ಸೀಳಿನ ತುದಿಯಲ್ಲೇ ಬಿರುಕು ಬಿಡುತ್ತದೆ.

ಬೂಮ್ ಸಡಿಲವಾದಾಗ ಒಮ್ಮೆ ಪೂರ್ತಿ ಹೊರಗೆ ತೆಗೆದು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿ. ನಮ್ಮಲ್ಲಿ ಇದು ತಪ್ಪಿಸಬಾರದ ಕೆಲಸ. ಕಬ್ಬಿಣವೂ ಅಲ್ಯುಮಿನಿಯಮ್ಮೂ ತೇವದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದರೆ ತುಕ್ಕು ತಿಂದು ಕಚ್ಚಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಸೈಕಲ್ ಪೂರ್ತಿ ಒಣಗುವುದೇ ಅಪರೂಪ. ಕಾರ್ಬನ್ ಬೂಮ್ ಆದರೆ ಮಾತ್ರ ಗ್ರೀಸ್ ಹಚ್ಚಬೇಡಿ, ಅದಕ್ಕೆ ಕಾರ್ಬನ್ ಪೇಸ್ಟ್ ಎಂದೇ ಬೇರೆ ಸಿಗುತ್ತದೆ.

ದೂರ ಹೊಂದಿಸುವುದು ಹೀಗೆ. ಒಬ್ಬರು ಹಿಂದಿನಿಂದ ಸೀಟು ಹಿಡಿಯಲಿ. ನೀವು ಸೊಂಟವನ್ನು ಮೂಲೆಗೆ ಒತ್ತಿ ಕೂತು, ಹಿಮ್ಮಡಿಯನ್ನು ಪೆಡಲಿನ ನಡುವಿಗೆ ಇಟ್ಟು ನಿಧಾನ ಹಿಂದಕ್ಕೆ ತುಳಿಯಿರಿ. ಪೆಡಲ್ ಅತಿ ದೂರ ಹೋದಾಗ ಮೊಣಕಾಲು ಆಗಷ್ಟೇ ನೇರವಾಗಬೇಕು, ಸೊಂಟ ಅಲುಗಬಾರದು. ಎರಡೂ ಕಾಲಿನಲ್ಲಿ ನೋಡಿ. ಇಲ್ಲಿ ಸರಿಬಂದರೆ, ಮುಂಗಾಲಿಟ್ಟು ತುಳಿಯುವಾಗ ಮೊಣಕಾಲಿನಲ್ಲಿ 25ರಿಂದ 30 ಡಿಗ್ರಿ ಬಾಗು ತಾನಾಗಿಯೇ ಉಳಿಯುತ್ತದೆ. ಆಮೇಲಿನ ತಿದ್ದುಪಡಿಯೆಲ್ಲ 5 ಎಂ.ಎಂ. ಲೆಕ್ಕದಲ್ಲಿ, ಒಂದು ಸವಾರಿಗೆ ಒಂದೇ ಬದಲಾವಣೆ. ಮೊಣಕಾಲಿನ ಮುಂಭಾಗ, ಮಂಡಿಚಿಪ್ಪಿನ ಸುತ್ತ ನೋವು ಬಂದರೆ ಪೆಡಲ್ ಹತ್ತಿರವಾಗಿದೆ ಅಥವಾ ಭಾರದ ಗೇರಿನಲ್ಲಿ ತುಳಿಯುತ್ತಿದ್ದೀರಿ. ಮೊಣಕಾಲಿನ ಹಿಂಭಾಗ ಎಳೆದರೆ ಪೆಡಲ್ ದೂರವಾಗಿದೆ. ಪಾದ ಜೋಮು ಹಿಡಿದರೆ ಶೂ ಲೇಸು ಸಡಿಲಿಸಿ, ಪಾದವನ್ನು ಪೆಡಲಿನ ಮೇಲೆ ಒಂದು ಸೆಂಟಿಮೀಟರ್ ಮುಂದಕ್ಕೆ ಸರಿಸಿ. ಕಾಲು ಸೊಂಟಕ್ಕಿಂತ ಎತ್ತರದಲ್ಲಿರುವ ಸೈಕಲ್ಲಿನಲ್ಲಿ ಮೊದಮೊದಲು ಇದು ಸಾಮಾನ್ಯ.

ಬಿಗಿಯುವ ಮುನ್ನ ಸೀಟಿನಲ್ಲಿ ಕೂತು ಮುಂದೆ ನೋಡಿ. ಮುಂದಿನ ಚಕ್ರ ನೇರವಿರುವಾಗ ಕ್ರ್ಯಾಂಕಿನ ಅಚ್ಚು ನೆಲಕ್ಕೆ ಸಮಾಂತರವಾಗಿ ಕಾಣಬೇಕು. ಒಂದು ಬದಿ ತಗ್ಗಿದ್ದರೆ ಬೂಮ್ ತಿರುಚಿದೆ ಎಂದೇ ಅರ್ಥ. ಹಾಗೇ ಓಡಿಸಿದರೆ ಒಂದೇ ಮೊಣಕಾಲು ನೋಯುತ್ತದೆ, ಚೈನೂ ಓರೆಯಾಗುತ್ತದೆ. ಬೂಮ್ ಚೌಕಟ್ಟಿನೊಳಗೆ ಕನಿಷ್ಠ ಎಷ್ಟಿರಬೇಕೆಂಬ ಗೆರೆಯನ್ನು ತಯಾರಕರು ಹಾಕಿರುತ್ತಾರೆ. ನೀವು ಒಳಕ್ಕೆ ತಳ್ಳುತ್ತಿರುವುದರಿಂದ ಅದರ ಭಯವಿಲ್ಲ.

ಭಯ ಇರುವುದು ಬೇರೆ ಎರಡು ಕಡೆ. ಮೊದಲನೆಯದು, ಬೂಮ್ ಅರ್ಧಕ್ಕೇ ನಿಂತುಬಿಡಬಹುದು, ಒಳಗೆ ಜಾಗವೇ ಇಲ್ಲದಿರಬಹುದು. ಎರಡನೆಯದು ಇನ್ನೂ ಮುಖ್ಯ. ಕ್ರ್ಯಾಂಕ್ ಹಿಂದಕ್ಕೆ ಬಂದಂತೆಲ್ಲ ಮುಂದಿನ ಚಕ್ರಕ್ಕೆ ಹತ್ತಿರವಾಗುತ್ತದೆ, ನಿಧಾನದ ತಿರುವಿನಲ್ಲಿ ಹಿಮ್ಮಡಿ ಟೈರಿಗೆ ತಾಗುತ್ತದೆ. ನಿಂತ ಸೈಕಲ್ಲಿನಲ್ಲೇ ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ, ಹಿಂದಕ್ಕೆ ತುಳಿಯುತ್ತಾ, ಎಷ್ಟು ತಿರುಗಿದಾಗ ತಾಗುತ್ತದೆ ಎಂದು ನೋಡಿಕೊಳ್ಳಿ. ರಸ್ತೆಯ ವೇಗದಲ್ಲಿ ಹ್ಯಾಂಡಲ್ ತಿರುಗುವುದು ಕೆಲವೇ ಡಿಗ್ರಿ, ಅಲ್ಲಿ ತೊಂದರೆಯಿಲ್ಲ. ಯು ಟರ್ನ್, ಗೇಟಿನೊಳಗೆ ತಿರುಗಿಸುವುದು ಇಂಥ ಕಡೆ ತುಳಿಯುವುದನ್ನು ನಿಲ್ಲಿಸಿ, ಪಾದ ಟೈರಿಗೆ ಅಡ್ಡ ಬರದ ಹಾಗೆ ಕ್ರ್ಯಾಂಕ್ ಇಟ್ಟುಕೊಂಡು ಉರುಳಿಸಬೇಕು. ಮನೆಯಂಗಳದಲ್ಲಿ ಇದನ್ನು ರೂಢಿ ಮಾಡಿಕೊಳ್ಳದೆ ರಸ್ತೆಗೆ ಇಳಿಯಬೇಡಿ.

ಈ ಎರಡಕ್ಕೂ ಒಂದೇ ಮದ್ದು ಗಿಡ್ಡ ಕ್ರ್ಯಾಂಕ್. ಆರಡಿ ಆಳಿನ ಸೈಕಲ್ಲಿನಲ್ಲಿ 170 ಅಥವಾ 175 ಎಂ.ಎಂ. ಇರುತ್ತದೆ, ಕ್ರ್ಯಾಂಕಿನ ಒಳಮೈಯಲ್ಲಿ ಕೆತ್ತಿರುತ್ತಾರೆ, ನೋಡಿ. 170 ತೆಗೆದು 155 ಹಾಕಿದರೆ ಪೆಡಲಿನ ಅತಿ ದೂರದ ಬಿಂದು 15 ಎಂ.ಎಂ. ನಿಮ್ಮ ಕಡೆಗೆ ಬರುತ್ತದೆ, ಅತಿ ಹತ್ತಿರದ ಬಿಂದು 15 ಎಂ.ಎಂ. ಆಚೆಗೆ ಹೋಗುತ್ತದೆ. ಅಂದರೆ ಬೂಮನ್ನು ಅಷ್ಟು ಕಡಿಮೆ ತಳ್ಳಿದರೆ ಸಾಕು, ಹಿಮ್ಮಡಿ ಟೈರಿನಿಂದ ದೂರ ಸರಿಯುತ್ತದೆ, ಮೊಣಕಾಲು ಮೇಲೇಳುವುದೂ ಕಡಿಮೆಯಾಗುತ್ತದೆ. ನಿಮ್ಮ ಮೊಣಕಾಲಿಗೂ ಹ್ಯಾಂಡಲಿಗೂ ಇರುವ ಜಗಳಕ್ಕೆ ಹ್ಯಾಂಡಲ್ ಎತ್ತಿಸುವುದಕ್ಕಿಂತ ಇದು ಎಷ್ಟೋ ಒಳ್ಳೆಯ ಪರಿಹಾರ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೆ ಮಾಡಿ. ಹಳೆಯ ಕ್ರ್ಯಾಂಕ್ ಚೌಕ ಅಚ್ಚಿನದೋ, ಬೇರೆ ಬಗೆಯದೋ ಎಂದು ಫೋಟೋ ತೆಗೆದು ತೋರಿಸಿ ಆರ್ಡರ್ ಕೊಡಿ, ಇಲ್ಲದಿದ್ದರೆ ಕೂರುವುದಿಲ್ಲ.

ಚೈನಿನ ವಿಷಯಕ್ಕೆ ಬರೋಣ. ಬೂಮ್ 10 ಸೆಂಟಿಮೀಟರ್ ಒಳಗೆ ಹೋದರೆ ಚೈನಿನ ಮೇಲೆಳೆ, ಕೆಳಗೆಳೆ ಎರಡೂ ಸೇರಿ 20 ಸೆಂಟಿಮೀಟರ್ ಸಡಿಲವಾಗುತ್ತದೆ. ಚೈನಿನ ಒಂದು ಕೊಂಡಿ ಅರ್ಧ ಇಂಚು. ಒಳಕೊಂಡಿ, ಹೊರಕೊಂಡಿ ಜೋಡಿಯಾಗಿಯೇ ತೆಗೆಯಬೇಕಾದ್ದರಿಂದ ಒಂದು ಜೋಡಿಗೆ ಒಂದು ಇಂಚು. ಈ ಲೆಕ್ಕಕ್ಕೆ 8 ಜೋಡಿ. ಆದರೆ ಕೂಡಲೇ ಕತ್ತರಿಸಬೇಡಿ. ಹಿಂದಿನ ಗೇರಿನ ತೋಳು ಸಡಿಲವನ್ನು ಒಂದಷ್ಟು ಎಳೆದುಕೊಳ್ಳುತ್ತದೆ. ದೂರ ಸರಿಯಾಗಿದೆ ಎಂದು ಖಾತ್ರಿಯಾಗುವವರೆಗೆ ಮುಂದಿನ ದೊಡ್ಡ ಹಲ್ಲುಚಕ್ರದಲ್ಲೇ, ಸಮತಟ್ಟಾದ ಹತ್ತಿರದ ರಸ್ತೆಯಲ್ಲಿ ಓಡಿಸಿ ನೋಡಿ. ಚೈನ್ ಜೋತು ಟೈರಿಗೋ ಕಾಲಿಗೋ ತಾಗುವಂತಿದ್ದರೆ ಮಾತ್ರ ಮೊದಲು 4 ಜೋಡಿ ತೆಗೆಯಿರಿ. ಪೂರ್ತಿ ಕತ್ತರಿಸಿದ ಮೇಲೆ ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಗೇರಿನ ತೋಳು ಹರಿದುಹೋಗುವಷ್ಟು ಎಳೆಯಬಾರದು. ಎರಡೂ ಸಣ್ಣದಕ್ಕೆ ಹಾಕಿದಾಗ ಚೈನ್ ಜೋಲಬಾರದು. ಜೋಡಿಸುವ ಕ್ವಿಕ್ ಲಿಂಕ್ ನಿಮ್ಮ ಗೇರಿನ ಸಂಖ್ಯೆಗೆ ತಕ್ಕದ್ದೇ ಇರಲಿ, 8 ಸ್ಪೀಡಿನದು 10 ಸ್ಪೀಡಿಗೆ ಆಗದು. ತೆಗೆದ ತುಂಡನ್ನು ಎಸೆಯಬೇಡಿ. ನಾಳೆ ಎತ್ತರದವರು ಯಾರಾದರೂ ಓಡಿಸುವುದಾದರೆ ಬೇಕಾಗುತ್ತದೆ.

ಇಷ್ಟಾದ ಮೇಲೆ ಹ್ಯಾಂಡಲ್. ಆ ಹೊತ್ತಿಗೆ ಭುಜದ ನೋವು ಎಷ್ಟೋ ಇಳಿದಿರುತ್ತದೆ.

ಎತ್ತಿಸಿದರೆ ಸರಿಹೋದೀತೇ ಎಂದು ಕೇಳಿದಿರಲ್ಲ, ಎತ್ತಿದಾಗ ಆಗುವುದು ಇದು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆ ನಿಮ್ಮ ಕಡೆಗೆ ವಾಲಿರುತ್ತದೆ, ಸಾಮಾನ್ಯವಾಗಿ ನೆಲದಿಂದ 70 ಡಿಗ್ರಿ ಆಸುಪಾಸು. ಹ್ಯಾಂಡಲನ್ನು ಅದೇ ಗೆರೆಯಲ್ಲಿ 5 ಸೆಂಟಿಮೀಟರ್ ಎತ್ತಿದರೆ ಅದು ಎದೆಯ ಕಡೆಗೂ ಸುಮಾರು 1.7 ಸೆಂಟಿಮೀಟರ್ ಬರುತ್ತದೆ. ಹ್ಯಾಂಡಲ್ ಕೂತಿರುವ ಮೇಲಿನ ಕಂಬ ಇನ್ನೂ ಹಿಂದಕ್ಕೆ ವಾಲಿದ್ದರೆ ಇನ್ನೂ ಹೆಚ್ಚು ಬರುತ್ತದೆ. ಕೈ ಹಿಡಿಯುವ ಜಾಗ ತಿರುಗುವ ಅಚ್ಚಿನಿಂದ ದೂರವಾದಷ್ಟೂ, ತಿರುವಿನಲ್ಲಿ ಹ್ಯಾಂಡಲ್ ಇದ್ದಲ್ಲೇ ತಿರುಗುವ ಬದಲು ದೋಣಿಯ ಚುಕ್ಕಾಣಿಯ ಹಾಗೆ ಎಡಕ್ಕೋ ಬಲಕ್ಕೋ ಬೀಸಿಕೊಂಡು ಹೋಗುತ್ತದೆ. ಈ ದೂರ 20 ಸೆಂಟಿಮೀಟರ್ ದಾಟಿದರೆ ನಿಧಾನದ ವೇಗದಲ್ಲಿ ಸಮತೋಲಕ್ಕಾಗಿ ಕೈಗಳನ್ನು ಬಹಳ ಆಡಿಸಬೇಕಾಗುತ್ತದೆ, ಮೊಣಕಾಲಿಗೆ ತಾಗುವುದೂ ಹೆಚ್ಚಾಗುತ್ತದೆ. ಹಾಗಾಗಿ ಎತ್ತುವುದಾದರೆ ಕಂಬವನ್ನು ಮುಂದಕ್ಕೆ ಬಾಗಿಸಿಯೇ ಎತ್ತಬೇಕು.

ಸರಿಯಾದ ಜಾಗ ಹುಡುಕುವ ಕ್ರಮ ಹೀಗಿದೆ. ಸೀಟಿನಲ್ಲಿ ಒರಗಿ, ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು, ಮೊಣಕೈಗಳನ್ನು ಪಕ್ಕೆಯ ಹತ್ತಿರ ಇಟ್ಟುಕೊಂಡು ಮುಂಗೈಗಳನ್ನು ಮುಂದಕ್ಕೆ ಎತ್ತಿ. ಮೊಣಕೈಯ ಕೋನ 90ರಿಂದ 120 ಡಿಗ್ರಿ ಇರುವಾಗ ಅಂಗೈ ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿಕೆ ಬರಬೇಕು. ಕೈಯನ್ನು ಹಿಡಿಕೆಗೆ ಹುಡುಕಿಸಬೇಡಿ, ಹಿಡಿಕೆಯೇ ಕೈ ಇದ್ದಲ್ಲಿಗೆ ಬರಲಿ. ಜೊತೆಗಿದ್ದವರು ಆ ಜಾಗವನ್ನು ಟೇಪಿನಲ್ಲಿ ಸೀಟಿನಿಂದ ಅಳೆದುಕೊಳ್ಳಲಿ. ಆಮೇಲೆ ಕಾಲು ತಿರುಗಿಸಿ. ಮೊಣಕಾಲು ಅತಿ ಮೇಲೆ ಬಂದಾಗ ಹ್ಯಾಂಡಲಿಗೂ ಅದಕ್ಕೂ ನಡುವೆ ಮೂರು ನಾಲ್ಕು ಸೆಂಟಿಮೀಟರ್ ಸಂದು ಬೇಕು. ಇಲ್ಲದಿದ್ದರೆ ಎರಡು ದಾರಿ. ಹ್ಯಾಂಡಲನ್ನು ಮೊಣಕಾಲಿನಿಂದ ಈಚೆಗೆ, ಎದೆಯ ಹತ್ತಿರ ತರುವುದು ಒಂದು. ಅಗಲವಾದ ಹ್ಯಾಂಡಲ್ ಹಾಕಿ ಕೈಗಳನ್ನು ಮೊಣಕಾಲುಗಳ ಹೊರಬದಿಗೆ ಕೊಂಡೊಯ್ಯುವುದು ಇನ್ನೊಂದು. ಎದೆಯ ಹತ್ತಿರದ್ದು ಬಯಲುಸೀಮೆಯ ನೇರ ರಸ್ತೆಗೆ ಚೆನ್ನ. ಹಳ್ಳ, ಹಂಪು, ನಿಧಾನದ ತಿರುವು ಇರುವ ನಮ್ಮ ರಸ್ತೆಗೆ ಭುಜದಗಲಕ್ಕಿಂತ ಕೊಂಚ ಹೆಚ್ಚು ಅಗಲದ, ಅಚ್ಚಿಗೆ ಹತ್ತಿರವಿರುವ ಹ್ಯಾಂಡಲ್ ವಾಸಿ. ಅದು ಹೇಳಿದ ಮಾತು ಬೇಗ ಕೇಳುತ್ತದೆ, ಇಳಿಯುವಾಗ ಹೊಟ್ಟೆಗೂ ತಡೆಯುವುದಿಲ್ಲ.

ಎತ್ತರದಲ್ಲಿ ಒಂದು ಮಿತಿ ಮರೆಯಬಾರದು. ಹ್ಯಾಂಡಲಿನ ಮೇಲಿಂದ ಎಂಟು ಹತ್ತು ಮೀಟರ್ ಮುಂದಿನ ರಸ್ತೆ ಕಾಣಲೇಬೇಕು. ಗುಂಡಿ ಕಂಡ ಮೇಲೆ ತಪ್ಪಿಸಲು ಅಷ್ಟಾದರೂ ದೂರ ಬೇಕು. ರಿಕಂಬೆಂಟಿನಲ್ಲಿ ಸೀಟಿನಿಂದ ಎದ್ದು ಏಟು ತಪ್ಪಿಸಿಕೊಳ್ಳಲು ಬರುವುದಿಲ್ಲ.

ಕಂಬದ ಬೋಲ್ಟ್ ಮುಟ್ಟುವಾಗ ಯಾವುದು ಯಾವುದಕ್ಕೆ ಎಂದು ತಿಳಿದಿರಲಿ. ಚೌಕಟ್ಟಿನೊಳಗೆ ಇಳಿಯುವ ಹಳೆಯ ಬಗೆಯ ಕಂಬಕ್ಕೆ ಕನಿಷ್ಠ ಆಳದ ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತಬಾರದು. ಫೋರ್ಕಿನ ಕೊಳವೆಯನ್ನು ಹೊರಗಿನಿಂದ ಕಚ್ಚುವ ಬಗೆಯಲ್ಲಿ ಮೇಲಿನ ಮುಚ್ಚಳದ ಬೋಲ್ಟ್ ಹ್ಯಾಂಡಲ್ ಹಿಡಿಯುವುದಿಲ್ಲ, ಬೇರಿಂಗಿನ ಬಿಗಿಯನ್ನು ಹೊಂದಿಸುತ್ತದೆ ಅಷ್ಟೇ. ಪಕ್ಕದ ಬೋಲ್ಟ್ ಸಡಿಲಿಸಿ, ಮೇಲಿನದನ್ನು ಹದವಾಗಿ ಬಿಗಿದು, ಆಮೇಲೆ ಪಕ್ಕದ್ದನ್ನು ಗಟ್ಟಿಮಾಡಬೇಕು. ಮುಂದಿನ ಬ್ರೇಕು ಹಿಡಿದು ಸೈಕಲನ್ನು ಹಿಂದೆ ಮುಂದೆ ಆಡಿಸಿದಾಗ ಕಟಕ್ ಎಂದರೆ ಸಡಿಲ. ಮುಂದಿನ ಚಕ್ರ ಎತ್ತಿ ಹಿಡಿದಾಗ ಹ್ಯಾಂಡಲ್ ತಾನಾಗಿ ವಾಲದೆ ನಡುವಿನಲ್ಲೇ ಕಚ್ಚಿ ನಿಂತರೆ ಅತಿ ಬಿಗಿ, ಇಲ್ಲವೇ ಬೇರಿಂಗ್ ಸವೆದು ಕುಳಿಬಿದ್ದಿದೆ. ನಿಮ್ಮ ಏರಿನ ಹೊಯ್ದಾಟಕ್ಕೆ ಇದೂ ಒಂದು ಕಾರಣವಾಗಿರಬಹುದು, ತಪ್ಪದೆ ನೋಡಿ.

ಬಿಗಿಯ ಅಳತೆ ಬೋಲ್ಟಿನ ಪಕ್ಕದಲ್ಲಿ ಬರೆದಿದ್ದರೆ ಅದೇ ಅಂತಿಮ. ಬರೆದಿಲ್ಲದಿದ್ದರೆ 5 ಎಂ.ಎಂ. ದಪ್ಪದ ಬೋಲ್ಟಿಗೆ 5 ನ್ಯೂಟನ್ ಮೀಟರ್, 6 ಎಂ.ಎಂ. ದಪ್ಪದ ಬೋಲ್ಟಿಗೆ 8 ಎಂದು ಹಿಡಿಯಬಹುದು (ಇದು ಅಲೆನ್ ಕೀಯ ಅಳತೆಯಲ್ಲ). ಟಾರ್ಕ್ ರೆಂಚ್ ಇಲ್ಲದವರು ಕೊಕ್ಕೆಯಿರುವ ತಕ್ಕಡಿಯಲ್ಲೇ ಅಳೆಯಬಹುದು. ಅಲೆನ್ ಕೀಯ ಮೇಲೆ ಬೋಲ್ಟಿನ ನಡುವಿನಿಂದ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಕೊಕ್ಕೆ ಸಿಕ್ಕಿಸಿ, ಕೀಗೆ ಅಡ್ಡವಾಗಿ ಎಳೆಯಿರಿ. ತಕ್ಕಡಿ 5 ಕೆ.ಜಿ. ತೋರಿಸಿದರೆ ಸುಮಾರು 5 ನ್ಯೂಟನ್ ಮೀಟರ್, 8 ಕೆ.ಜಿ. ತೋರಿಸಿದರೆ ಸುಮಾರು 8. ಎರಡು ಬೋಲ್ಟ್ ಇರುವ ಕ್ಲ್ಯಾಂಪಿನಲ್ಲಿ ಒಂದನ್ನೇ ಪೂರ್ತಿ ಬಿಗಿಯದೆ ಅದಕ್ಕೆ ಅರ್ಧ ಸುತ್ತು, ಇದಕ್ಕೆ ಅರ್ಧ ಸುತ್ತು ಎಂದು ಬಿಗಿಯುತ್ತಾ ಹೋಗಿ.

ಕೊನೆಗೆ ಬ್ರೇಕ್ ಹಿಡಿಯನ್ನು ತಿರುಗಿಸಿ, ಬೆರಳು ಅದರ ಮೇಲಿಟ್ಟಾಗ ಮಣಿಕಟ್ಟು ನೇರವಾಗಿರುವಂತೆ ನಿಲ್ಲಿಸಿ. ಮಣಿಕಟ್ಟು ಮಡಿಚಿಕೊಂಡೇ ಇದ್ದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ.

ಹ್ಯಾಂಡಲ್ ಜಾಗ ಬದಲಾದರೆ ವೈರುಗಳೂ ಬದಲಾಗುತ್ತವೆ. ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕು ತಾನಾಗಿ ಹಿಡಿದುಕೊಂಡರೆ, ಗೇರ್ ತಾನಾಗಿ ಹಾರಿದರೆ ವೈರಿನ ಹೊರಕವಚ ಗಿಡ್ಡವಾಗಿದೆ. ಉದ್ದವಾಗಿ ಕುಣಿಕೆಯಂತೆ ನಿಂತಿದ್ದರೆ ಮೊಣಕಾಲಿಗೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ ತುದಿಗೆ ಟೋಪಿ ಹಾಕಿಸಿ. ಗೇರಿನ ಹೊರಕವಚವನ್ನು ಬ್ರೇಕಿಗೆ ಎಂದೂ ಹಾಕಿಸಬೇಡಿ. ಅದರೊಳಗಿನ ತಂತಿಗಳು ಉದ್ದುದ್ದ ಇರುವುದರಿಂದ ಬಲವಾಗಿ ಬ್ರೇಕು ಹಿಡಿದಾಗ ಸೀಳಿಹೋಗಬಹುದು. ಹಿಂದಿನ ಬ್ರೇಕಿಗೆ ಮಾಮೂಲಿ ವೈರ್ ಸಾಲದೇ ಹೋಗಬಹುದು. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ಲಿನ ಉದ್ದದ ವೈರ್ ಎಂದು ಕೇಳಿ ಎರಡು ತರಿಸಿಟ್ಟುಕೊಳ್ಳಿ.

ಏರಿನಲ್ಲಿ ಹೊಯ್ದಾಟ ಆಮೇಲೂ ಉಳಿದರೆ ಅದು ಗೇರಿನ ಸಮಸ್ಯೆ. ನಿಂತು ತುಳಿಯುವ ಅವಕಾಶ ಇಲ್ಲದ ಸೈಕಲ್ಲಿಗೆ ಹಗುರ ಗೇರ್ ಬೇಕೇಬೇಕು. ಮುಂದೆ 30 ಹಲ್ಲು, ಹಿಂದೆ 34 ಹಲ್ಲು ಇದ್ದರೆ 26 ಇಂಚಿನ ಚಕ್ರದಲ್ಲಿ ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ ಆರೂವರೆ ಕಿಲೋಮೀಟರ್ ವೇಗ ಸಿಗುತ್ತದೆ. ಅದಕ್ಕಿಂತ ನಿಧಾನವಾದರೆ ಯಾರಿಗೂ ಸಮತೋಲ ಕಷ್ಟ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಹಿಡಿಕೆಯನ್ನು ಎರಡು ಬೆರಳಲ್ಲಿ ಹಿಡಿದಷ್ಟು ಹಗುರವಾಗಿ ಹಿಡಿದು, ಬೆನ್ನನ್ನು ಸೀಟಿಗೆ ಒತ್ತಿ ತುಳಿಯಿರಿ.

ನಿಮ್ಮ ದಾರಿಯ ಬಗ್ಗೆ ಎರಡು ಮಾತು. ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದಿದ್ದರೆ ಮಳೆಗಾಲದಲ್ಲಿ ರಾಡಿ ನೇರ ಕಾಲಿಗೂ ಮುಖಕ್ಕೂ ಎರಚುತ್ತದೆ. ಹಾಕಿಸಿ, ಆದರೆ ಹಾಕಿದ ಮೇಲೆ ಹಿಮ್ಮಡಿ ತಾಗುತ್ತದೆಯೇ ಎಂದು ಮತ್ತೊಮ್ಮೆ ನೋಡಿ. ಗಾಜನೂರಿನಿಂದ ಶಿವಮೊಗ್ಗದ ಕಡೆಗೆ ಬಸ್ಸು, ಲಾರಿ ಹೆಚ್ಚು. ಒರಗಿ ಕೂತವರಿಗೆ ಹಿಂದಕ್ಕೆ ತಿರುಗಿ ನೋಡಲು ಆಗುವುದಿಲ್ಲವಾದ್ದರಿಂದ ಬಲಗಡೆ ಕನ್ನಡಿ ಇರಲೇಬೇಕು, ಎಡಗಡೆಯೂ ಇದ್ದರೆ ಒಳ್ಳೆಯದು. ಹ್ಯಾಂಡಲ್ ಹೊಂದಿಸಿದ ಮೇಲೆಯೇ ಕನ್ನಡಿ ಕೂರಿಸಿ. ಸೀಟಿನ ಹಿಂದೆ ಕಂಬಿಗೆ ಕೇಸರಿಯೋ ಹಳದಿಯೋ ಬಾವುಟ ಕಟ್ಟಿದರೆ ಲಾರಿಯವರ ಕಣ್ಣಿಗೆ ಬೀಳುತ್ತೀರಿ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಮೈ ಮುಂದಕ್ಕೆ ಜಾರುವುದನ್ನು ತಡೆಯುವುದು ಕಾಲು. ಬೂಮಿನ ದೂರ ಸರಿಯಿದ್ದರೆ ಅದು ತಾನಾಗಿ ಆಗುತ್ತದೆ, ಇಲ್ಲದಿದ್ದರೆ ಆ ಭಾರವೂ ಕೈಗೇ ಬೀಳುತ್ತದೆ. ಆಗುಂಬೆ ಘಾಟಿಯಂಥ ಕಡೆಗೆ ಈ ಹೊಂದಾಣಿಕೆಯೆಲ್ಲ ಮುಗಿದು, ನಿಧಾನದ ತಿರುವು ಕೈಗೆ ಕೂತ ಮೇಲೆ ಹೋಗಿ.

ಮೊದಲ ನಾಲ್ಕಾರು ಸವಾರಿಗಳಲ್ಲಿ ಬೂಮಿನ ಗೆರೆ ನೋಡುತ್ತಿರಿ. ಏರಿನಲ್ಲಿ ಬಲವಾಗಿ ತುಳಿದಾಗ ಬೂಮ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ತಪ್ಪಿರುತ್ತದೆ. ಆಗ ಬೋಲ್ಟನ್ನು ಮಿತಿ ಮೀರಿ ಬಿಗಿಯಬೇಡಿ. ಬೂಮ್ ಹೊರತೆಗೆದು ಹೆಚ್ಚಾದ ಗ್ರೀಸ್ ಒರೆಸಿ ಮತ್ತೆ ಹಾಕಿ.

ಬೂಮ್ ಪೂರ್ತಿ ಒಳಗೆ ಹೋಗಿ, ಗಿಡ್ಡ ಕ್ರ್ಯಾಂಕ್ ಹಾಕಿ, ಸೀಟು ಸರಿಸಲು ಬರುವ ಬಗೆಯಾದರೆ ಅದನ್ನೂ ಮುಂದಕ್ಕೆ ಸರಿಸಿದ ಮೇಲೂ ಸೊಂಟ ಜಾರುತ್ತಿದ್ದರೆ, ಅಥವಾ ನಿಲ್ಲಿಸಿದಾಗ ಎರಡೂ ಮುಂಗಾಲು ನೆಲಕ್ಕೆ ಊರದಿದ್ದರೆ ಆ ಚೌಕಟ್ಟು ನಿಮಗೆ ದೊಡ್ಡದು. ಆಗ ಬೂಮ್ ಕತ್ತರಿಸುವ, ಚೌಕಟ್ಟಿಗೆ ವೆಲ್ಡಿಂಗ್ ಮಾಡಿಸುವ ಉಪಾಯಕ್ಕೆ ಹೋಗದೆ ನೆಂಟರಿಗೆ ಹಿಂದಿರುಗಿಸಿ, ಚಿಕ್ಕ ಚೌಕಟ್ಟಿನದನ್ನು ಹುಡುಕಿ.